‘ನಾನ ಒಳಗ ಕುಂದರತೇನ್ರಿ’ ಎಂದ ಇಂಜಿನಿಯರ್

ಸಹಿ ಹಾಕಬಾರದ ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದವರು ಗೋವಾದ ವಾಸ್ಕೋ ಭಾಗದಲ್ಲಿ ಆಗಾಗ ನನ್ನ ಬಳಿ ಆಪ್ತಸಲಹೆಗೆ ಬರುತ್ತಾರೆ. ಒಬ್ಬರಿಗೆ ಕ್ರೇನಿನ ಲೋಡ್ ಟೆಸ್ಟ್, ಇನ್ನೊಬ್ಬರಿಗೆ ವೆಲ್ಡಿಂಗ್ ರಿಪೋರ್ಟ್, ಮತ್ತೊಬ್ಬರಿಗೆ ಪ್ರವಾಸಿ ದೋಣಿಯಲ್ಲಿ ತುಂಬಿದ ತಲೆಗಳ ಲೆಕ್ಕ. ಬಹುಪಾಲು ಜನ ಬೈನಾ, ಝುವಾರಿನಗರ, ಚಿಕಾಲಿಂ ಸುತ್ತ ಬಾಡಿಗೆಗಿರುವ ಧಾರವಾಡ, ಗದಗ, ವಿಜಯಪುರ ಕಡೆಯವರು. ಮಾಲೀಕರ ಸಿಟ್ಟಿಗೆ ಹೆದರಿ ಬಂದವರಿಗೆ ಏನು ಹೇಳಬೇಕೆಂಬುದು ಬಹುಮಟ್ಟಿಗೆ ತಿಳಿದದ್ದೇ. ಈ ಪ್ರಕರಣದಲ್ಲಿ ಹೆದರಿಕೆಗಿಂತ ನಿಷ್ಠೆಯೇ ದೊಡ್ಡ ತೊಡಕಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಬಂದವರ ಒಪ್ಪಿಗೆ ಇದೆ. ಗುರುತು ಸಿಗದಿರಲೆಂದು ವಿವರಗಳನ್ನೂ ಯಂತ್ರದ ಅಳತೆಗಳನ್ನೂ ಬದಲಿಸಿದ್ದೇನೆ, ಲೆಕ್ಕ ಮಾತ್ರ ತಪ್ಪದಂತೆ ನೋಡಿಕೊಂಡಿದ್ದೇನೆ.

ಫೈಬರ್ ದೋಣಿ ಕಟ್ಟುವ ಯಾರ್ಡೊಂದರ ಕ್ವಾಲಿಟಿ ಇಂಜಿನಿಯರ್ ಈತ. ಮೂವತ್ತು ದಾಟಿದ ವಯಸ್ಸು. ನಿದ್ದೆ ಇಲ್ಲ, ರಾತ್ರಿ ಎದೆ ಬಡಿತ, ಇಸಿಜಿ ಸರಿಯಾಗಿತ್ತು. ತಂದೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಬಿಲ್ಲಿನ ಅರ್ಧ ಕಟ್ಟಿದವರು ಯಾರ್ಡಿನ ಮಾಲೀಕರು. ಕೆಲಸಗಾರರೆಲ್ಲ ಅವರನ್ನು ‘ಪಾತ್ರಾಂವ್’ (ಧಣಿ) ಎನ್ನುತ್ತಾರೆ, ಈತ ‘ಸರ್’ ಎನ್ನುತ್ತಾನೆ. ಹಿನ್ನೆಲೆ ಇಷ್ಟು ಸಾಕು.

ಮಾಲೀಕರು ಹೊಸದೊಂದಕ್ಕೆ ಕೈ ಹಾಕಿದ್ದರು. ಆರು ಜನ ಕೂರುವ, 20 ಮೀಟರ್ ಇಳಿಯುವ ಮುಳುಗುಬಂಡಿ, ಅಂದರೆ ಪುಟ್ಟ ಸಬ್‌ಮರೀನ್. ಗ್ರಾಂಡೆ ದ್ವೀಪದ ಸುತ್ತ ಬಟ್ಟೆ ಒದ್ದೆಯಾಗದೆ ಮೀನು ನೋಡಿಬರುವ ಪ್ರವಾಸ. ಮಳೆಗಾಲ ಮುಗಿದೊಡನೆ ಸೀಸನ್ ಶುರುವಾಗಬೇಕು. ಹಡಗುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಹೊರಗಿನ ಸಂಸ್ಥೆಯ, ಅಂದರೆ ಕ್ಲಾಸ್ ಸೊಸೈಟಿಯ, ತಪಾಸಣೆಗೆ ಕೊಟ್ಟರೆ ಎರಡು ಸೀಸನ್ ಕೈತಪ್ಪುತ್ತವೆಂದು ಅದನ್ನು ಕೈಬಿಟ್ಟಿದ್ದರು. ಉಳಿದದ್ದು ಯಾರ್ಡಿನದೇ ‘ಪರೀಕ್ಷಾ ಪ್ರಮಾಣಪತ್ರ’, ಅದರ ಕೆಳಗೆ ಈತನ ಸಹಿ.

20 ಮೀಟರ್ ಏನು ಮಹಾ ಎಂದು ನಾನೂ ಕೇಳಿದೆ. ಆತ ಕಾಗದ ಎಳೆದುಕೊಂಡು ಲೆಕ್ಕ ಮಾಡಿ ತೋರಿಸಿದ. ಪ್ರತಿ 10 ಮೀಟರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಏರುತ್ತದೆ. ಮುಂಭಾಗದ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕಿಟಕಿಯ ಅಡ್ಡಳತೆ 60 ಸೆಂಟಿಮೀಟರ್, ಅಂದರೆ ಸುಮಾರು 2,800 ಚದರ ಸೆಂಟಿಮೀಟರ್. 20 ಮೀಟರ್ ಆಳದಲ್ಲಿ ಆ ಒಂದು ಕಿಟಕಿಯ ಮೇಲೆ ಕೂರುವ ಭಾರ ಐದೂವರೆ ಟನ್ನಿಗೂ ಹೆಚ್ಚು. ಅದೇ ಕಿಟಕಿಯನ್ನು ಯಾರ್ಡಿನ ಹುಡುಗರು ಅಸಿಟೋನ್ ಬಟ್ಟೆಯಿಂದ ಒರೆಸಿದ್ದರು. ಫೈಬರ್ ಕೆಲಸದಲ್ಲಿ ಕೈಗೆ ಅಂಟಿದ ರೆಸಿನ್ ತೆಗೆಯುವುದೂ ಅದರಲ್ಲೇ, ಬ್ರಷ್ ತೊಳೆಯುವುದೂ ಅದರಲ್ಲೇ, ಹಾಗಾಗಿ ಯಾರಿಗೂ ಏನೂ ಅನಿಸಿರಲಿಲ್ಲ. ಅಸಿಟೋನ್ ತಾಗಿದ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳೇಳುತ್ತವೆ, ಒತ್ತಡ ಬಿದ್ದಾಗ ಅವು ಅಲ್ಲಿಂದಲೇ ಬೆಳೆಯುತ್ತವೆ. ಕಿಟಕಿಯ ಅಂಚಿನಲ್ಲಿ ಟಾರ್ಚ್ ಅಡ್ಡ ಹಿಡಿದಾಗ ಈತನಿಗೆ ಅವು ಕಂಡಿದ್ದವು.

ಇನ್ನೂ ಇತ್ತು. ಹೊರಕವಚದ ಗುಂಡಗಿನ ತಪ್ಪು ತ್ರಿಜ್ಯದ ಶೇಕಡಾ ಅರ್ಧ ಮೀರಬಾರದೆಂದು ಡ್ರಾಯಿಂಗ್‌ನಲ್ಲೇ ಬರೆದಿತ್ತು. 1.6 ಮೀಟರ್ ಅಡ್ಡಳತೆಗೆ ಅದು 4 ಮಿಲಿಮೀಟರ್. ಈತ ಟೆಂಪ್ಲೇಟ್ (ಸರಿಯಾದ ಗುಂಡಗಿಗೆ ಕತ್ತರಿಸಿದ ಅಚ್ಚು) ಇಟ್ಟು ಅಳೆದಾಗ ಒಂದು ಕಡೆ 11 ಮಿಲಿಮೀಟರ್ ಬಂತು. ಮಾಲೀಕರು ಒಳಗೆ ನೀರು ತುಂಬಿ ಪಂಪಿನಿಂದ ಒತ್ತಡ ಕೊಟ್ಟು, ‘ನೋಡು, ಒಂದು ಹನಿ ಸೋರಲಿಲ್ಲ’ ಎಂದರಂತೆ. ಬಾಯ್ಲರಿಗಾದರೆ ಅದು ಸರಿ, ಇದಕ್ಕಲ್ಲ. ಖಾಲಿ ನೀರಿನ ಬಾಟಲಿಗೆ ಬಾಯಿಟ್ಟು ಊದಿದರೆ ಗುಂಡಗಾಗುತ್ತದೆ, ಗಾಳಿ ಎಳೆದರೆ ಸೊಟ್ಟಗಾದ ಜಾಗದಲ್ಲೇ ಒಳಕ್ಕೆ ಮಡಚಿಕೊಳ್ಳುತ್ತದೆ. ಹೊರಗಿನ ಒತ್ತಡದಲ್ಲಿ ಕವಚ ಸಾಮಾನ್ಯವಾಗಿ ಸೋರಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ.

ಉಸಿರಾಟದ ಲೆಕ್ಕವಂತೂ ಯಾರೂ ಮಾಡಿರಲಿಲ್ಲ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಲೀಟರಿನ ಮೂರನೇ ಒಂದು ಭಾಗದಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾನೆ. ಆರು ಜನ, ಒಳಗಿನ ಗಾಳಿ ಸುಮಾರು 5,000 ಲೀಟರ್. ಹನ್ನೆರಡು ನಿಮಿಷಕ್ಕೆ ಶೇಕಡಾ ಅರ್ಧ, ಒಂದು ಗಂಟೆಗೆ ಎರಡೂವರೆ. ತಲೆನೋವು, ಏದುಸಿರು, ನಂತರ ಗಾಬರಿ. ಆ ಅನಿಲವನ್ನು ಹೀರುವ ಸೋಡಾ ಲೈಮ್ ಡಬ್ಬಿ, ಫ್ಯಾನ್, ಮೀಟರ್ ಬೇಕು ಎಂದಾಗ ಬಂದ ಉತ್ತರ, ‘ಏಸಿ ಇದೆಯಲ್ಲ’.

ಇಷ್ಟನ್ನು ಇಷ್ಟು ಸ್ಪಷ್ಟವಾಗಿ ಹೇಳುವವನಿಗೆ ಸಲಹೆ ಯಾಕೆ ಬೇಕು? ಉತ್ತರ ಮೂರನೆಯ ಭೇಟಿಯಲ್ಲಿ ಸಿಕ್ಕಿತು. ತಾನೊಂದು ದಾರಿ ಕಂಡುಕೊಂಡಿದ್ದೇನೆ ಎಂಬ ನೆಮ್ಮದಿಯಲ್ಲಿ ಬಂದಿದ್ದ.

“ಸಹಿ ಹಾಕತೇನ್ರಿ ಮೇಡಂ. ಆದ್ರ ಮೊದಲನೇ ಟ್ರಿಪ್ಪಿಗೆ ನಾನ ಒಳಗ ಕುಂದರತೇನ್ರಿ. ಅಂದ್ರ ನನ್ನ ಸಹಿ ಸುಳ್ಳಾಗೂದಿಲ್ಲ ನೋಡ್ರಿ.”

ಹೆಂಡತಿಗೆ ಹೇಳಿದ್ದೀರಾ ಎಂದು ಕೇಳಲಿಲ್ಲ. ಆ ಪ್ರಶ್ನೆಯಿಂದ ಅಳು ಬರಬಹುದಿತ್ತು, ತಪ್ಪು ಲೆಕ್ಕ ಹಾಗೇ ಉಳಿಯುತ್ತಿತ್ತು. ಕೇಳಿದ್ದು ಇಷ್ಟೇ: “ನೀವು ಕೂತರೆ ಆ ಹನ್ನೊಂದು ಮಿಲಿಮೀಟರ್ ನಾಲ್ಕಾಗುತ್ತದೆಯಾ?”

ನಕ್ಕ. ಆಮೇಲೆ ಸಿಟ್ಟಾದ. “ಸರ್ ಸುಳ್ಳು ಹೇಳ್ತಾರ ಅಂತೀರೇನ್ರಿ? ಅವರೂ ಕುಂದರತಾರ. ತಮ್ಮ ಮಗನ್ನೂ ಕುಂದರಸತಾರ.”

ಗಂಟು ಇದ್ದದ್ದು ಇಲ್ಲಿ. ಮಾಲೀಕರು ಮೋಸಗಾರರಾಗಿದ್ದರೆ ಈತ ಎಂದೋ ಕೆಲಸ ಬಿಟ್ಟಿರುತ್ತಿದ್ದ. ಅವರು ನಿಜವಾಗಿಯೂ ನಂಬಿದ್ದರು, ತಮ್ಮ ಜೀವವನ್ನೇ ಪಣಕ್ಕಿಡಲು ತಯಾರಿದ್ದರು. ಅದನ್ನು ನೋಡಿದ ಈತನಿಗೆ ತನ್ನ ಟೆಂಪ್ಲೇಟ್, ಟಾರ್ಚ್ ಎಲ್ಲ ಹೇಡಿತನದ ಸಾಮಾನುಗಳಂತೆ ಕಾಣತೊಡಗಿದ್ದವು.

ಆಗ ಟೈಟನ್ ವಿಷಯ ತೆಗೆದೆ. 2023ರ ಜೂನ್ 18ರಂದು ಟೈಟಾನಿಕ್ ಅವಶೇಷ ನೋಡಲು ಹೋಗಿ ಐವರೊಂದಿಗೆ ನುಚ್ಚುನೂರಾದ ಮುಳುಗುಬಂಡಿ ಎಂದು ಎಲ್ಲರಿಗೂ ಗೊತ್ತು. ಅದಕ್ಕೂ ನಾಲ್ಕೂವರೆ ವರ್ಷ ಹಿಂದಿನ ಸಂಗತಿ ಅಷ್ಟಾಗಿ ಗೊತ್ತಿಲ್ಲ. 2018ರ ಡಿಸೆಂಬರ್‌ನಲ್ಲಿ ಬಹಾಮಾಸ್ ಬಳಿ ಓಷನ್‌ಗೇಟ್ ಕಂಪನಿಯ ಮುಖ್ಯಸ್ಥ ಸ್ಟಾಕ್‌ಟನ್ ರಶ್ ಒಬ್ಬರೇ ಒಳಗೆ ಕೂತು 3,900 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕ್ಷೇಮವಾಗಿ ಮೇಲೆ ಬಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎನಿಸುತ್ತದೆ. ಮರುವರ್ಷ ಅದೇ ಕಾರ್ಬನ್ ಫೈಬರ್ ಕವಚದಲ್ಲಿ ಬಿರುಕು ಕಂಡು, ಅದನ್ನು ತೆಗೆದು ಹೊಸದು ಮಾಡಿಸಬೇಕಾಯಿತು. ಧೈರ್ಯ ನಿಜ, ಇಳಿದದ್ದೂ ನಿಜ, ಬಿರುಕೂ ನಿಜ. ಹೊಸ ಕವಚವೂ ಟೈಟಾನಿಕ್ ತನಕ ಹಲವು ಬಾರಿ ಹೋಗಿಬಂತು. 2022ರ ಜುಲೈನಲ್ಲಿ ಮೇಲೇರುವಾಗ ದೊಡ್ಡ ಸದ್ದು ಕೇಳಿಸಿತು, ಆ ಬಳಿಕ ಸೆನ್ಸರ್‌ಗಳ ದಾಖಲೆಯೂ ಬದಲಾಗಿತ್ತು. ಕವಚದ ಪದರಗಳು ಬಿಡತೊಡಗಿದ್ದವು ಎಂದು ಅಮೆರಿಕದ ಕೋಸ್ಟ್ ಗಾರ್ಡ್ ತನಿಖೆ ಆಮೇಲೆ ಹೇಳಿತು. ಆಗ ಬಂಡಿಯನ್ನು ಬಿಚ್ಚಿ ನೋಡಲಿಲ್ಲ. ಚಳಿಗಾಲವಿಡೀ ಕೆನಡಾದಲ್ಲಿ ಬಯಲಿನಲ್ಲಿಟ್ಟರು. ಕೊನೆಯ ಯಾನದಲ್ಲೂ ಚಾಲಕ ರಶ್ ಅವರೇ. ಜೊತೆಗಿದ್ದವರಲ್ಲಿ ಒಬ್ಬನಿಗೆ 19 ವರ್ಷ, ತಂದೆಯ ಜೊತೆ ಬಂದಿದ್ದ.

ಮಗನನ್ನೂ ಕೂರಿಸುತ್ತಾರೆ ಎಂದಿರಲ್ಲ, ಎಂದೆ. ಆತ ಬಹಳ ಹೊತ್ತು ಮಾತಾಡಲಿಲ್ಲ.

ಅದೇ ಕಂಪನಿಯಲ್ಲಿ ಡೇವಿಡ್ ಲಾಕ್ರಿಜ್ ಎಂಬವರಿದ್ದರು, ಸಮುದ್ರ ಕಾರ್ಯಾಚರಣೆಗಳ ನಿರ್ದೇಶಕ. 2018ರ ಜನವರಿಯಲ್ಲಿ ಅವರು ತಪಾಸಣಾ ವರದಿ ಬರೆದುಕೊಟ್ಟರು: ಕವಚದ ಒಳಪದರಗಳ ಪರೀಕ್ಷೆ ಆಗಿಲ್ಲ, ಕಿಟಕಿ ಮಾಡಿದವರು ಭರವಸೆ ಕೊಟ್ಟಿರುವುದು 1,300 ಮೀಟರಿಗೆ ಮಾತ್ರ. ಕೆಲಸ ಹೋಯಿತು, ಕಂಪನಿ ಅವರ ಮೇಲೆಯೇ ದಾವೆ ಹೂಡಿತು. ಇದನ್ನು ಮುಚ್ಚಿಡದೆ ಹೇಳಿದೆ. ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಹುಟ್ಟಿಸುವುದು ನನ್ನ ಕೆಲಸವಲ್ಲ. ನಮ್ಮಲ್ಲಿ 2014ರ ವಿಷಲ್ ಬ್ಲೋವರ್ ಕಾಯ್ದೆ ಸರ್ಕಾರಿ ನೌಕರರ ಅಕ್ರಮದ ದೂರಿಗೆ ಸಂಬಂಧಿಸಿದ್ದು. ಖಾಸಗಿ ಯಾರ್ಡಿನ ಇಂಜಿನಿಯರನಿಗೆ ಅದರ ಆಸರೆಯಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಸಹಿ ಬೇಡ. ಒಳಗೆ ಕೂರುವುದೂ ಬೇಡ. ರಾಜೀನಾಮೆಯ ಮಾತು ಈಗ ಎತ್ತಬೇಡಿ, ಅದು ಬೇರೆ ನಿರ್ಧಾರ, ಎರಡನ್ನೂ ಒಂದೇ ದಿನ ಮಾಡಲು ಹೋಗಿಯೇ ಜನ ಯಾವುದನ್ನೂ ಮಾಡದೆ ಉಳಿಯುತ್ತಾರೆ. ಒಂದೇ ಪುಟದ ಪತ್ರ ಬರೆಯಿರಿ. ‘ಅಪಾಯಕಾರಿ’, ‘ಬೇಜವಾಬ್ದಾರಿ’ ಎಂಬ ಪದಗಳು ಅದರಲ್ಲಿ ಬೇಡ, ಅಳತೆಗಳು ಮಾತ್ರ ಇರಲಿ: ಬೇಕಾದದ್ದು 4, ಇರುವುದು 11; ಕಿಟಕಿಗೆ ಅಸಿಟೋನ್ ತಾಗಿದ ದಿನಾಂಕ ಮತ್ತು ಫೋಟೋ; ಹೊರ ಒತ್ತಡದ ಪರೀಕ್ಷೆ ಆಗಿಲ್ಲ; ಕಾರ್ಬನ್ ಡೈಆಕ್ಸೈಡ್ ಹೀರುವ ವ್ಯವಸ್ಥೆ ಇಲ್ಲ. ಕೊನೆಯಲ್ಲಿ ಒಂದೇ ಕೋರಿಕೆ: ಕಿಟಕಿ ಬದಲಿಸಿ, ಯಾರನ್ನೂ ಕೂರಿಸದೆ, ಬಾರ್ಜಿನಿಂದ ಕ್ರೇನ್ ಕಟ್ಟಿ, ಆಳದ ಒಂದೂಕಾಲು ಪಟ್ಟು ಅಂದರೆ 25 ಮೀಟರಿಗೆ ಇಳಿಸಿ, ಒಂದು ಗಂಟೆ ಬಿಟ್ಟು, ಮೇಲೆತ್ತಿ ಮತ್ತೆ ಟೆಂಪ್ಲೇಟ್ ಇಟ್ಟು ಅಳೆಯಲು ಒಪ್ಪಿಗೆ. ಇಮೇಲ್ ಮಾಡಿ, ವಾಟ್ಸಾಪ್ ಬೇಡ. ಡ್ರಾಯಿಂಗ್‌ಗಳನ್ನು ಮನೆಗೆ ಒಯ್ಯಬೇಡಿ, ನಾಳೆ ಕಳ್ಳತನದ ಆರೋಪ ಬರುತ್ತದೆ. ಇದಾವುದೂ ಆಗದೆ ಟಿಕೆಟ್ ಮಾರಾಟ ಶುರುವಾದರೆ ಅದೇ ಪತ್ರ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಗೆ, ಅಂದರೆ ಗೋವಾ ಸರ್ಕಾರದ ಬಂದರು ಇಲಾಖೆಗೆ.

ಆಪ್ತಸಲಹೆಗಾರರು ಹೀಗೆ ‘ಮಾಡು, ಬೇಡ’ ಎನ್ನಬಾರದು, ಬಂದವರೇ ತಮ್ಮ ಉತ್ತರ ಕಂಡುಕೊಳ್ಳಬೇಕು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಮದುವೆ, ಆಸ್ತಿ, ಅತ್ತೆ ಸೊಸೆಯ ವಿಷಯದಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಇಲ್ಲಿ ಈತ ಕಂಡುಕೊಂಡಿದ್ದ ಉತ್ತರದಲ್ಲಿ ಇನ್ನೂ ಐದು ಸೀಟುಗಳಿದ್ದವು. ಗೌಪ್ಯತೆಗೆ ಮಿತಿ ಇದೆಯೆಂದು ಮೊದಲ ಭೇಟಿಯಲ್ಲೇ ಹೇಳಿದ್ದೆ. ಬೇರೆಯವರಿಗೆ ಹಾನಿಯಾಗುವಂತಿದ್ದರೆ ಅದನ್ನು ತಡೆಯಲು ಬೇಕಾದಷ್ಟು ಮಾಹಿತಿ ಹೊರಗೆ ಹೇಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೂಡ ಅವಕಾಶ ಕೊಟ್ಟಿದೆ. ಟಿಕೆಟ್ ಮಾರಾಟವಾಗಿರಲಿಲ್ಲ, ಹಾಗಾಗಿ ಆ ಹಂತಕ್ಕೆ ಹೋಗಬೇಕಾಗಲಿಲ್ಲ.

ಓದುಗರಲ್ಲಿ ಕೆಲವರಾದರೂ ರಜೆಯಲ್ಲಿ ಇಂಥ ಬಂಡಿ ಹತ್ತುವವರಿರುತ್ತೀರಿ. ಆಳ ಕಡಿಮೆ ಎಂಬ ಸಮಾಧಾನ ಬೇಡ. 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಘಾಡಾದಲ್ಲಿ ಪ್ರವಾಸಿ ಸಬ್‌ಮರೀನ್ ಮುಳುಗಿ ಆರು ಜನ ಸತ್ತದ್ದು ದಡದಿಂದ ಹೆಚ್ಚು ದೂರವಿಲ್ಲದ ನೀರಿನಲ್ಲಿ. ಮೊದಲು ಕೇಳಬೇಕಾದ್ದು, ಇದು ಪೂರ್ತಿ ಮುಳುಗುತ್ತದೆಯೋ, ಅಥವಾ ತಳದಲ್ಲಿ ಗಾಜಿರುವ ತೇಲು ದೋಣಿಗೇ ಸಬ್‌ಮರೀನ್ ಎಂದು ಬೋರ್ಡ್ ಹಾಕಿದ್ದಾರೋ ಎಂದು. ಮುಳುಗುವುದಾದರೆ ಯಾವ ಕ್ಲಾಸ್ ಸೊಸೈಟಿಯ ಸರ್ಟಿಫಿಕೇಟ್, ಅವಧಿ ಎಂದಿನವರೆಗೆ, ಕಿಟಕಿ ತಯಾರಾದ ವರ್ಷ ಯಾವುದು, ಮೇಲಿನ ದೋಣಿಯೊಂದಿಗೆ ಮಾತು ನಿಂತರೆ ಎಷ್ಟು ಹೊತ್ತಿಗೆ ಮೇಲೆ ಬರುತ್ತೀರಿ, ಬರಲಾಗದಿದ್ದರೆ ಎತ್ತುವವರು ಯಾರು. ಉತ್ತರವಾಗಿ ‘ಮಾಲೀಕರೇ ದಿನಾ ಹೋಗ್ತಾರೆ’ ಎಂಬ ಮಾತು ಬಂದರೆ ಹತ್ತಬೇಡಿ. ಗಂಡಾಂತರದ ಮೇಲೆ ಒಬ್ಬರಿಗೆ ಮೋಹವಿದೆ ಎಂಬುದಷ್ಟೇ ಅದರಿಂದ ತಿಳಿಯುವುದು.

ಪತ್ರ ಹೋಯಿತು. ಮಾಲೀಕರು ಒಂದು ವಾರ ಮಾತು ಬಿಟ್ಟರು, ಆಮೇಲೆ ಅರ್ಧ ಒಪ್ಪಿದರು. ಕಿಟಕಿ ಬದಲಿಸಿದರು. ಖಾಲಿ ಇಳಿಸಲೂ ಒಪ್ಪಿದರು, ಆದರೆ 25 ಮೀಟರ್ ನೀರಿರುವಲ್ಲಿಗೆ ಬಾರ್ಜ್ ಒಯ್ಯುವ ಬಾಡಿಗೆ ದುಬಾರಿಯೆಂದು 14 ಮೀಟರಿನಲ್ಲೇ ಇಳಿಸಿದರು. ಸೋರಲಿಲ್ಲ, ಕುಸಿಯಲೂ ಇಲ್ಲ. ಯಾರ್ಡಿನಲ್ಲಿ ಪೇಢೆ ಹಂಚಿದರು. ಈತ ಮತ್ತೆ ಟೆಂಪ್ಲೇಟ್ ಇಟ್ಟ, ಹನ್ನೊಂದು ಹನ್ನೆರಡಾಗಿತ್ತು. ಅದನ್ನೂ ಇಮೇಲ್ ಮಾಡಿ, ಸಹಿ ಹಾಕುವುದಿಲ್ಲವೆಂದ. ತಿಂಗಳೊಳಗೆ ಬೆಳಗಾವಿಯ ಪಂಪ್ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದ, ಸಂಬಳ ಕಡಿಮೆ. ಕೊನೆಯ ಭೇಟಿಯಲ್ಲಿ ಕೇಳಿದ್ದು ಸರ್ ಅವರ ಬಗ್ಗೆಯೇ: ಆಸ್ಪತ್ರೆಯ ಹಣ ಕಂತಿನಲ್ಲಿ ವಾಪಸ್ ಕೊಟ್ಟರೆ ಅವರಿಗೆ ಅವಮಾನ ಆಗುತ್ತದೆಯೇ ಎಂದು. ಹಣ ಈಗ ಕೊಡಬೇಡಿ, ಋಣ ತೀರಿಸಿ ಕೈ ತೊಳೆದುಕೊಂಡಂತೆ ಕಾಣುತ್ತದೆ, ಹಬ್ಬಕ್ಕೊಮ್ಮೆ ಫೋನ್ ಮಾಡಿ ಎಂದೆ.