ಕಂಬದ ಮೇಲಿರುವವನಿಗೆ ಫೋನ್ ಮಾಡಬೇಡಿ

ನಿಮ್ಮ ಪ್ರಶ್ನೆ ಓದಿದೆ. ಬಡ್ತಿ ಸಿಕ್ಕಿ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಆಗಿದ್ದೀರಿ, ಒಂದು ಉಪವಿಭಾಗ ಕೈಗೆ ಬಂದಿದೆ, ಮಳೆಗಾಲ ಹತ್ತಿರ ಬಂತು. ಗ್ಲೌಸು, ಬೆಲ್ಟು, ಸುತ್ತೋಲೆ ಎಲ್ಲಾ ಇದ್ದರೂ ಲೈನ್‌ಮ್ಯಾನ್‌ಗಳಿಗೆ ಅಪಘಾತ ಆಗೋದು ಯಾಕೆ ನಿಲ್ಲುತ್ತಿಲ್ಲ, ಅಧಿಕಾರಿಯಾಗಿ ಮೊದಲು ಏನು ಮಾಡಬೇಕು ಅಂತ ಕೇಳಿದ್ದೀರಿ. ಯಾರಿಗೂ ಏನೂ ಆಗುವ ಮೊದಲೇ ಕೇಳಿದಿರಲ್ಲ, ಅದೇ ಸಂತೋಷ. ನಾನು ಆದಮೇಲೆ ಕೇಳಿಕೊಂಡವನು.

ನಾನೂ ರಾಜ್ಯದ ಒಂದು ವಿದ್ಯುತ್ ಕಂಪನಿಯಲ್ಲಿ ಸೆಕ್ಷನ್ ಆಫೀಸರ್ ಆಗಿ, ಆಮೇಲೆ ಎಇಇ ಆಗಿ ದುಡಿದು ನಿವೃತ್ತನಾದವನು. ನನಗೆ ತಿಳಿದ ಉತ್ತರ ಇಷ್ಟೇ: ನಿಮ್ಮ ಹುಡುಗರಿಗೆ ಸಮಯ ಕೊಡಿ. ಗ್ಲೌಸು ಸ್ಟೋರ್‌ನಿಂದ ಬರುತ್ತೆ. ಸಮಯ ನೀವೇ ಕೊಡಬೇಕು.

ಒಂದು ಜೂನ್ ತಿಂಗಳ ಸಂಜೆ. ಗಾಳಿಮಳೆಗೆ ತೆಂಗಿನ ಗರಿ ಬಿದ್ದು 11 ಕೆ.ವಿ. ಲೈನಿನ ಜಂಪರ್ (ಕಂಬದ ಮೇಲೆ ಎರಡು ತಂತಿ ಜೋಡಿಸುವ ತುಂಡು) ಕಿತ್ತಿತ್ತು. ಐದು ಹಳ್ಳಿ ಕತ್ತಲೆ. ಪಂಚಾಯಿತಿ ಸದಸ್ಯರಿಂದ ಹಿಡಿದು ಹಿಟ್ಟಿನ ಗಿರಣಿಯವರ ತನಕ ನನಗೆ ಫೋನ್ ಮೇಲೆ ಫೋನ್. ಅದನ್ನೆಲ್ಲ ನಾನು ಲೈನ್‌ಮ್ಯಾನ್‌ಗೆ ದಾಟಿಸುತ್ತಾ ಹೋದೆ. ‘ಏನಾಯ್ತಪ್ಪಾ?’, ‘ಇನ್ನೂ ಎಷ್ಟು ಹೊತ್ತು?’ ಅರ್ಧ ಗಂಟೆಯಲ್ಲಿ ನಾಲ್ಕು ಸಲ. ಅವನು ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡಲು ಪಡೆಯುವ ‘ಲೈನ್ ಕ್ಲಿಯರ್’ ಅನುಮತಿ ತಗೊಂಡಿದ್ದ. ಜಿಒಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್) ಇಳಿಸಿದ್ದ. ಲೈನನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ರಾಡ್ ಮಾತ್ರ ಜೀಪಿನಲ್ಲೇ ಉಳಿಯಿತು. ಜೀಪು ನಿಂತಿದ್ದು ರಸ್ತೆಯಲ್ಲಿ, ಕಂಬ ಇದ್ದಿದ್ದು ಕೆಸರುಗದ್ದೆಯ ಆಚೆ. ಹೋಗಿ ತರೋಕೆ ಹತ್ತು ನಿಮಿಷ ಬೇಕಿತ್ತು. ಆ ಹತ್ತು ನಿಮಿಷವನ್ನು ನಾನು ಅವನಿಗೆ ಬಿಟ್ಟಿರಲಿಲ್ಲ.

ಅದೇ ಹೊತ್ತಿಗೆ ಊರಿನ ಕಲ್ಯಾಣ ಮಂಟಪದವರು ಜನರೇಟರ್ ಹಾಕಿದರು. ಜನರೇಟರನ್ನು ನಮ್ಮ ಲೈನಿನಿಂದ ಬೇರೆ ಮಾಡುವ ಅವರ ಚೇಂಜ್‌ಓವರ್ ಸ್ವಿಚ್ ಕೆಟ್ಟಿತ್ತು. ಜನರೇಟರ್ ಕರೆಂಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರ್‌ಗೆ) ಬಂತು. ಟಿಸಿಗೆ ಹಿಂದು ಮುಂದು ಗೊತ್ತಾಗಲ್ಲ. 11,000 ವೋಲ್ಟನ್ನು 433ಕ್ಕೆ ಇಳಿಸುವ ಅದೇ ಟಿಸಿ, ಈ ಕಡೆಯಿಂದ ಕೊಟ್ಟರೆ ಆ ಕಡೆ ಏರಿಸುತ್ತದೆ. ಸತ್ತಿದ್ದ ಲೈನಿಗೆ ಜೀವ ಬಂತು.

ಬೆಲ್ಟ್ ಇತ್ತು, ಹಾಗಾಗಿ ಕೆಳಗೆ ಬೀಳಲಿಲ್ಲ, ಬದುಕಿದ. ಬಲಗೈಯ ಎರಡು ಬೆರಳು ಹೋದವು. ಮಾರನೇ ದಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅವನು ಮೊದಲು ಕೇಳಿದ್ದು, ‘ಸಾರ್, ಲೈನ್ ಚಾರ್ಜ್ ಆಯ್ತಾ, ಕರೆಂಟ್ ಬಂತಾ?’ ಅಂತ.

ವರದಿಯಲ್ಲಿ ‘ನೌಕರನ ನಿರ್ಲಕ್ಷ್ಯ’ ಅಂತ ಬರೆಯೋದು ನಮ್ಮಲ್ಲಿ ತುಂಬಾ ಸುಲಭ. ಅರ್ತಿಂಗ್ ಮಾಡಿರಲಿಲ್ಲ, ಸೈನ್ ಹಾಕಿ, ಮುಗೀತು. ಸುಳ್ಳೂ ಅಲ್ಲ. ಆದರೆ ಯಾಕೆ ಮಾಡಲಿಲ್ಲ ಅನ್ನೋದಕ್ಕೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ನಾನು ಬೇರೆ ಹಾಳೆಯಲ್ಲಿ ನನ್ನ ನಾಲ್ಕು ಫೋನ್ ಕಾಲ್‌ಗಳನ್ನೂ, ಅವುಗಳ ಸಮಯವನ್ನೂ ಬರೆದು ಲಗತ್ತಿಸಿದೆ. ಮೇಲಿನವರಿಗೆ ಇಷ್ಟವಾಗಲಿಲ್ಲ. ಇರಲಿ.

ಅಲ್ಲಿಂದ ಮುಂದೆ ನನ್ನ ಉಪವಿಭಾಗದಲ್ಲಿ ಒಂದು ಪದ್ಧತಿ ಮಾಡಿದೆ. ಎಲ್‌ಸಿ ತಗೊಂಡವನಿಗೆ ಯಾರೂ ಫೋನ್ ಮಾಡುವ ಹಾಗಿಲ್ಲ, ನಾನೂ ಸೇರಿ. ಅವನೇ ಕೆಳಗಿಳಿದು ಮಾಡಬೇಕು. ಹೊರಗಿನ ಫೋನ್ ಎಲ್ಲಾ ನನಗೆ, ಇಲ್ಲಾ ವಿದ್ಯುತ್ ಸಹಾಯವಾಣಿ 1912ಕ್ಕೆ. ‘ಕಂಬದ ಮೇಲೆ ಜನ ಇದ್ದಾರೆ, ಅವರು ಇಳಿದ ಮೇಲೆ ಕರೆಂಟ್ ಬರುತ್ತೆ’ ಅಂತ ಹೇಳಿದರೆ, ನಂಬಿ, ಮುಕ್ಕಾಲು ಪಾಲು ಜನ ಒಪ್ಪಿಕೊಳ್ಳುತ್ತಾರೆ. ಶಾಸಕರೂ ಒಪ್ಪಿದ್ದಾರೆ. ಒಪ್ಪದವರ ಬೈಗುಳ ತಿನ್ನೋದಕ್ಕೇ ಅಲ್ವಾ ಆ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿರೋದು?

ಈಗ ಎಲ್‌ಸಿ ವಿಷಯ. ಇದೊಂದನ್ನು ಬಿಗಿ ಮಾಡಿದರೆ ಅರ್ಧ ಕೆಲಸ ಆದಂತೆ. ಯಾರು ಎಲ್‌ಸಿ ತಗೊಳ್ಳಬಹುದು ಅನ್ನೋ ಪಟ್ಟಿ ಲಿಖಿತವಾಗಿ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಅದನ್ನೇ ಕೇಳುತ್ತವೆ. ಆ ಪಟ್ಟಿ ಸಬ್‌ಸ್ಟೇಷನ್ ಗೋಡೆಯ ಮೇಲೆ ಇದೆಯಾ, ಅದರಲ್ಲಿ ವರ್ಗಾವಣೆ ಆಗಿ ಹೋದವರ ಹೆಸರು ಇನ್ನೂ ಇದೆಯಾ, ಈ ವಾರವೇ ಹೋಗಿ ನೋಡಿ. ತಗೊಂಡವನೇ ವಾಪಸ್ ಕೊಡಬೇಕು. ‘ಅವನ ಪರವಾಗಿ ನಾನು ಹೇಳ್ತಿದ್ದೀನಿ, ಚಾರ್ಜ್ ಮಾಡಿ’ ಅನ್ನೋ ಮಾತು ಆಪರೇಟರ್ ಕಿವಿಗೆ ಬಿದ್ದರೂ ಕೇಳಿಸಬಾರದು. ಎಲ್ಲಕ್ಕಿಂತ ಕೆಟ್ಟದ್ದು ಟೈಮ್ ಮೇಲೆ ಎಲ್‌ಸಿ: ‘ಹತ್ತಕ್ಕೆ ಆಫ್ ಮಾಡಿ, ಹನ್ನೊಂದಕ್ಕೆ ಆನ್ ಮಾಡಿ.’ ಹನ್ನೊಂದಕ್ಕೆ ಅವನು ಇಳಿದಿರುತ್ತಾನೆ ಅಂತ ಗಡಿಯಾರಕ್ಕೇನು ಗೊತ್ತು? ನಿಮ್ಮಲ್ಲಿ ಈ ರೂಢಿ ಇದ್ದರೆ ನಾಳೆಯೇ ನಿಲ್ಲಿಸಿ.

ಇನ್ನೊಂದು, ಎರಡು ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಗೊಂದಲ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿಗೆ ಒಂದು ಫೀಡರ್, ಪಂಪ್‌ಸೆಟ್‌ಗೆ ಇನ್ನೊಂದು ಆಯ್ತು. ಎಷ್ಟೋ ಕಡೆ ಎರಡೂ ಒಂದರ ಪಕ್ಕ ಒಂದು ಹೋಗುತ್ತವೆ, ಕೆಲವು ಕಡೆ ಒಂದರ ಮೇಲೊಂದು ಹಾಯುತ್ತವೆ. ಊರಿನ ಫೀಡರಿಗೆ ಎಲ್‌ಸಿ ತಗೊಂಡು ಐಪಿ (ಪಂಪ್‌ಸೆಟ್) ಫೀಡರಿನ ಕಂಬ ಹತ್ತಿದರೆ ಪೇಪರ್ ಪ್ರಕಾರ ಎಲ್ಲವೂ ಸರಿ, ಮನುಷ್ಯ ಇರಲ್ಲ. ಅಂಥ ಕಂಬಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಬಳಿಸಿ. ಒಂದು ಡಬ್ಬ ಪೇಂಟಿನ ಖರ್ಚು.

ಜಿಒಎಸ್ ಬಗ್ಗೆಯೂ ಹೇಳಬೇಕು. ಹ್ಯಾಂಡಲ್ ಕೆಳಗೆ ಬಂತು ಅಂದರೆ ಮೂರೂ ಬ್ಲೇಡ್ ಬಿಟ್ಟವು ಅಂತಲ್ಲ. ತುಕ್ಕು ಹಿಡಿದ ಕಡೆ ಎರಡು ಬಿಟ್ಟು ಮೂರನೆಯದು ಅಂಟಿಕೊಂಡೇ ಇರುತ್ತದೆ. ಸಂಜೆ ಬೆಳಕಿನಲ್ಲಿ ಕೆಳಗಿನಿಂದ ಅದು ಕಾಣಲ್ಲ. ಟಾರ್ಚ್ ಬೆಳಕು ಹಾಯಿಸಿ ಮೂರನ್ನೂ ಎಣಿಸಿಯೇ ಮುಂದಕ್ಕೆ ಹೋಗಬೇಕು. ನಾನು ಸೈಟಿಗೆ ಹೋದಾಗಲೆಲ್ಲ ಹುಡುಗರ ಜತೆ ನಿಂತು ಜೋರಾಗಿ ‘ಒಂದು, ಎರಡು, ಮೂರು’ ಅಂತ ಎಣಿಸುತ್ತಿದ್ದೆ. ಆಮೇಲೆ ನಾನಿಲ್ಲದಾಗಲೂ ಅವರು ಎಣಿಸುತ್ತಿದ್ದರು.

ಅರ್ತಿಂಗ್ ಕೆಲಸದ ಜಾಗದ ಎರಡೂ ಬದಿಗೆ ಬೇಕು. ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆಯಿಂದ ಹಿಂದಕ್ಕೆ ಹರಿದು ಬರುವ ಕರೆಂಟಿಗೆ, ಅಂದರೆ ಬ್ಯಾಕ್‌ಫೀಡ್‌ಗೆ ಬಾಗಿಲು ತೆರೆದಿಟ್ಟಂತೆ. ಮೊದಲು ಟೆಸ್ಟರ್ ಹಿಡಿದು ನೋಡಬೇಕು, ಆಮೇಲೆ ನೆಲದ ತುದಿ ಕಟ್ಟಬೇಕು, ಆಮೇಲೆ ಲೈನಿನ ತುದಿ. ಬಿಚ್ಚುವಾಗ ಉಲ್ಟಾ. ಟಿಸಿಯ ಎಲ್‌ಟಿ (ಕಡಿಮೆ ವೋಲ್ಟೇಜ್ ಕಡೆಯ) ಫ್ಯೂಸ್‌ಗಳನ್ನೂ ಕಿತ್ತಿಡಬೇಕು. ಈಗ ಮನೆಮನೆಯಲ್ಲೂ ಯುಪಿಎಸ್, ಮೇಲ್ಛಾವಣಿಗೆ ಸೋಲಾರ್. ಜನರೇಟರ್ ಕಾಲಕ್ಕಿಂತ ಈಗ ಇದು ಜಾಸ್ತಿ ಮುಖ್ಯ. ಕಲ್ಯಾಣ ಮಂಟಪ, ಪೆಟ್ರೋಲ್ ಬಂಕ್, ನರ್ಸಿಂಗ್ ಹೋಮ್‌ಗಳ ಚೇಂಜ್‌ಓವರ್ ಸ್ವಿಚ್‌ಗಳನ್ನು ಮಳೆಗಾಲಕ್ಕೆ ಮುಂಚೆ ಒಂದು ಸುತ್ತು ನೋಡಿ ಬನ್ನಿ.

ಗ್ಲೌಸು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಬೀಗ ತೆಗೆಸಿ. ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಹೆದರಿ ಮನೆಯಲ್ಲಿ ಜೋಪಾನವಾಗಿ ಇಟ್ಟವರನ್ನು ನೋಡಿದ್ದೇನೆ. ಹತ್ತುವ ಮೊದಲು ತುದಿ ಸುರುಳಿ ಸುತ್ತಿ ಗಾಳಿ ಹಿಡಿದು ಒತ್ತಿ ನೋಡಲು ಹೇಳಿ, ತೂತಿದ್ದರೆ ಗೊತ್ತಾಗುತ್ತೆ. ಹಳೇ ಕಬ್ಬಿಣದ ಕಂಬ ಆದರೆ ಬುಡ ಕೆದಕಿ ನೋಡದೆ ಹತ್ತಬಾರದು.

ಗುತ್ತಿಗೆದಾರನ ಕೂಲಿ ಹುಡುಗರನ್ನು ಕಂಬ ಹತ್ತಿಸುವುದು ಬೇಡವೇ ಬೇಡ. ಕೈ ಕಡಿಮೆ ಇದೆ ಅಂತ ಮಳೆಗಾಲದಲ್ಲಿ ಇದು ಸುಮ್ನೆ ನಡೆದುಹೋಗುತ್ತೆ. ಅವರಿಗೆ ತರಬೇತಿ ಇರಲ್ಲ, ಪಟ್ಟಿಯಲ್ಲಿ ಹೆಸರಿರಲ್ಲ. ಏನಾದರೂ ಆದರೆ ‘ಅವನು ನಮ್ಮವನಲ್ಲ’ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಕಾನೂನೂ ಬಿಡಲ್ಲ, ಮನಸ್ಸೂ ಬಿಡಬಾರದು.

ನಿದ್ದೆಯ ಲೆಕ್ಕ ಇಡಿ. ಗಾಳಿಮಳೆಯ ಮೂರನೇ ದಿನ ಒಬ್ಬನೇ ಲೈನ್‌ಮ್ಯಾನ್ ಮೂವತ್ತು ಗಂಟೆಯಿಂದ ಕಣ್ಣು ಮುಚ್ಚಿಲ್ಲ ಅಂದರೆ, ಅವನ ಕೈಗೆ ನೀವು ಎಂಥ ಗ್ಲೌಸು ಕೊಟ್ಟರೂ ಪ್ರಯೋಜನವಿಲ್ಲ. ರಾತ್ರಿ ಒಂದು ಊರು ಬೆಳಗಿನ ತನಕ ಕತ್ತಲಲ್ಲಿರಲಿ. ಆ ಆದೇಶಕ್ಕೆ ನೀವೇ ಸೈನ್ ಹಾಕಿ, ಅವನ ಮೇಲೆ ಬಿಡಬೇಡಿ.

‘ಸ್ವಲ್ಪದರಲ್ಲಿ ತಪ್ಪಿತು ಸಾರ್’ ಅಂತ ಯಾರಾದರೂ ಬಂದು ಹೇಳಿದರೆ ದಯವಿಟ್ಟು ಮೆಮೊ ಕೊಡಬೇಡಿ. ಕೂರಿಸಿ ಕಾಫಿ ಕೊಟ್ಟು ಪೂರ್ತಿ ಕೇಳಿ. ಒಂದು ಸಲ ಮೆಮೊ ಕೊಟ್ಟಿರಾ, ಆಮೇಲೆ ಯಾರೂ ಹೇಳಲ್ಲ. ನಿಮಗೆ ಸುದ್ದಿ ಬರೋದು ಆಸ್ಪತ್ರೆಯಿಂದಲೇ.

ಎದೆ ಒತ್ತುವುದನ್ನು, ಅಂದರೆ ಸಿಪಿಆರ್ ಅನ್ನು ಎಲ್ಲರಿಗೂ ಕೈಯಾರೆ ಕಲಿಸಿ. ನಿಮಿಷಕ್ಕೆ 100ರಿಂದ 120 ಸಲ, 108 ಆಂಬುಲೆನ್ಸ್ ಬರುವ ತನಕ ಬಿಡದೆ. ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂಳುವ ನಂಬಿಕೆ ಇನ್ನೂ ಕೆಲವು ಕಡೆ ಇದೆ. ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಸಾವು ಆದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ತಿಳಿಸಬೇಕು ಅನ್ನೋದು ನಿಮಗೆ ಗೊತ್ತೇ ಇರುತ್ತೆ.

ಮೊದಲು ಯಾವುದು ಅಂತ ಕೇಳಿದ್ದೀರಿ. ಮಳೆ ಶುರುವಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ನಿಮ್ಮ ಅತ್ಯಂತ ಹಳೇ ಲೈನ್‌ಮ್ಯಾನ್‌ನನ್ನು ಪಕ್ಕದಲ್ಲಿ ಕೂರಿಸಿ, ಆಫೀಸಿನ ಫೀಡರ್ ನಕ್ಷೆ ಮೇಜಿನ ಮೇಲೆ ಹರಡಿ, ‘ಇದರಲ್ಲಿ ಏನೇನು ತಪ್ಪಿದೆ ಅಣ್ಣಾ?’ ಅಂತ ಕೇಳಿ. ಕೈಯಲ್ಲಿ ಕೆಂಪು ಪೆನ್ ಇರಲಿ. ಲೋಡನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಾಯಿಸಿ ನಕ್ಷೆಗೆ ಹತ್ತಿಸದೇ ಬಿಟ್ಟ ಜಾಗಗಳೆಲ್ಲ ಅವನ ತಲೆಯಲ್ಲಿವೆ. ನಾನು ಹೀಗೆ ಕೇಳಿದ ದಿನ ನನಗೆ ಹನ್ನೊಂದು ತಪ್ಪು ಸಿಕ್ಕಿದ್ದವು.