ಸೋವಿಯತ್ ಆಡಳಿತದಲ್ಲಿ ಒಬ್ಬ ಪತ್ತೇದಾರ ಸರಣಿ ಕೊಲೆಗಳ ತನಿಖೆ ಹೇಗೆ ನಡೆಸುತ್ತಿದ್ದ? ಅವನಿಗೆ ಗುಪ್ತಚರ ಸಂಸ್ಥೆ ಕೆಜಿಬಿಯೇ ದೊಡ್ಡ ಅಡ್ಡಿಯೇ?

1980ರ ದಶಕದ ಸೋವಿಯತ್ ಒಕ್ಕೂಟದಲ್ಲಿ ನಡೆಯುವ ಕಾದಂಬರಿ ಬರೆಯುತ್ತಿದ್ದೇನೆ ಎಂದಿದ್ದೀರಿ. ಕೆಜಿಬಿಯನ್ನು ಬದಿಗಿಡಿ. ನಿಮ್ಮ ನಾಯಕನ ದಾರಿಗೆ ನಿಜವಾಗಿ ಅಡ್ಡ ಬರುವುದು ತಪ್ಪೊಪ್ಪಿಗೆ. ಅಲ್ಲಿ ಅದು ಬಲು ಸುಲಭವಾಗಿ ಸಿಗುತ್ತಿತ್ತು. ಅಮಾಯಕನೊಬ್ಬ ಒಪ್ಪಿಕೊಂಡರೆ ಫೈಲು ಮುಚ್ಚುತ್ತಿತ್ತು, ಕೊಂದವನನ್ನು ಹುಡುಕುವವರೇ ಇರುತ್ತಿರಲಿಲ್ಲ. ದಕ್ಷಿಣ ರಷ್ಯಾದ ರಾಸ್ತೋವ್ ಪ್ರಾಂತ್ಯದ ಸರಣಿ ಕೊಲೆಗಾರ ಆಂದ್ರೇ ಚಿಕಟಿಲೋನ ಪ್ರಕರಣ ಹಿಡಿದು ಹೇಳುತ್ತೇನೆ.

ಮೊದಲು ಅಧಿಕಾರ ಯಾರದ್ದು ಎಂಬುದು ಸ್ಪಷ್ಟವಾಗಿರಲಿ. ಸುಳಿವು ಹುಡುಕುವುದು, ಬೆನ್ನು ಹತ್ತುವುದು, ಶಂಕಿತರ ಕಾರ್ಡುಗಳನ್ನು ಜೋಡಿಸುವುದು ಮಿಲಿಟ್ಸಿಯಾದ, ಅಂದರೆ ಅಲ್ಲಿನ ಪೊಲೀಸರ ಕೆಲಸ. ರಾಸ್ತೋವ್‌ನಲ್ಲಿ ಅದನ್ನು ಹೊತ್ತವರು ವಿಕ್ತೋರ್ ಬುರಾಕೋವ್. ಆದರೆ ಕೊಲೆ ಕೇಸಿನ ಕಾನೂನುಬದ್ಧ ತನಿಖೆ ಪ್ರಾಸಿಕ್ಯೂಟರ್ ಕಚೇರಿಯದ್ದು. ಆ ಕಚೇರಿಯ ಪರವಾಗಿ ಮಾಸ್ಕೋದಿಂದ ಬಂದವರು ಇಸ್ಸಾ ಕಸ್ತೋಯೆವ್. ಎರಡು ಇಲಾಖೆ, ಇಬ್ಬರು ಮೇಲಧಿಕಾರಿಗಳು, ಎಲ್ಲರ ತಲೆಯ ಮೇಲೆ ಕಮ್ಯುನಿಸ್ಟ್ ಪಾರ್ಟಿ. ಇದರ ಜೊತೆಗೆ ಪತ್ತೆಯಾದ ಕೇಸುಗಳ ಶೇಕಡಾವಾರು ಲೆಕ್ಕ ಮೇಲಕ್ಕೆ ಹೋಗಬೇಕು. ಪತ್ತೆಯಾಗದ ಕೊಲೆಯೆಂದರೆ ಮೇಲಿನವರಿಂದ ಛೀಮಾರಿ. ನಿಮ್ಮ ನಾಯಕನ ಮೇಲಿನ ದಿನನಿತ್ಯದ ಒತ್ತಡವನ್ನು ಇಲ್ಲಿಂದ ಕಟ್ಟಿ.

ನಮ್ಮ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕಾಗುತ್ತದೆ. ಭಾರತದಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನು ತಡೆಯುತ್ತದೆ. ಸೋವಿಯತ್ ತನಿಖೆಯಲ್ಲಿ ಅಂಥ ಗೋಡೆ ಇರಲಿಲ್ಲ. ಸಾಮಾನ್ಯವಾಗಿ ವಕೀಲರು ಒಳಗೆ ಬರುತ್ತಿದ್ದುದೇ ತನಿಖೆ ಮುಗಿದ ಮೇಲೆ. ಕೋರ್ಟಿನಲ್ಲಿ ಖುಲಾಸೆಯಾಗುವುದು ತೀರಾ ಅಪರೂಪ. ಸಾಕ್ಷ್ಯ ದುರ್ಬಲವಾಗಿದ್ದರೆ ಕೇಸನ್ನು ಮರುತನಿಖೆಗೆ ವಾಪಸು ಕಳಿಸುತ್ತಿದ್ದರು.

ಇದರ ಫಲ ಭೀಕರ. 1978ರ ಡಿಸೆಂಬರ್‌ನಲ್ಲಿ ಶಾಖ್ತಿ ಪಟ್ಟಣದಲ್ಲಿ 9 ವರ್ಷದ ಹುಡುಗಿಯ ಕೊಲೆಯಾಯಿತು. ಚಿಕಟಿಲೋ ಗುಟ್ಟಾಗಿ ಕೊಂಡಿದ್ದ ಗುಡಿಸಲಿನ ಬಳಿ ರಕ್ತದ ಕಲೆಗಳಿದ್ದವು, ಅವನನ್ನು ಹೋಲುವ ವ್ಯಕ್ತಿಯನ್ನು ಹುಡುಗಿಯ ಜೊತೆ ಕಂಡ ಸಾಕ್ಷಿಯೂ ಇದ್ದಳು. ಆದರೂ ಸಿಕ್ಕಿಬಿದ್ದವನು ಹಿಂದೆ ಕೊಲೆಗೆ ಶಿಕ್ಷೆ ಅನುಭವಿಸಿದ್ದ ಅಲೆಕ್ಸಾಂದ್ರ್ ಕ್ರಾವ್ಚೆಂಕೊ. ಆ ಸಂಜೆ ಅವನು ಮನೆಯಲ್ಲೇ ಇದ್ದ ಎಂದ ಹೆಂಡತಿಯನ್ನು, ನಿನ್ನನ್ನೂ ಸಹ ಆರೋಪಿ ಮಾಡುತ್ತೇವೆ ಎಂದು ಹೆದರಿಸಿ ಹೇಳಿಕೆ ಬದಲಿಸಿದರು. ಅವನು ಒಪ್ಪಿಕೊಂಡ. 1983ರಲ್ಲಿ ಅವನಿಗೆ ಮರಣದಂಡನೆಯಾಯಿತು. ತೀರ್ಪು ರದ್ದಾದದ್ದು ಅವನು ಸತ್ತು ವರ್ಷಗಳಾದ ಮೇಲೆ. ಅದೇ 1983ರಲ್ಲಿ ಬುದ್ಧಿಮಾಂದ್ಯ ಯುವಕರನ್ನು ಹಿಡಿದರು, ಅವರೂ ಒಪ್ಪಿಕೊಂಡರು. ಅವರು ಒಳಗಿರುವಾಗಲೇ ಮತ್ತೆ ಹೆಣಗಳು ಸಿಕ್ಕವು. ಆಗಲೂ ಸಂಶಯ ಹೋದದ್ದು ತಪ್ಪೊಪ್ಪಿಗೆಯ ಮೇಲಲ್ಲ, ಆ ಹುಡುಗರ ಗೆಳೆಯರ ಮೇಲೆ!

ನಿಮ್ಮ ನಾಯಕ ಬುದ್ಧಿವಂತನಾದರೆ ಪ್ರತಿ ಹೇಳಿಕೆಗೂ ಒಂದೇ ಪರೀಕ್ಷೆ ಮಾಡಲಿ: ಪೊಲೀಸರಿಗೆ ಮೊದಲೇ ಗೊತ್ತಿಲ್ಲದ ಏನನ್ನಾದರೂ ಇವನು ಹೇಳಿದನೇ? ಸ್ಥಳ ತೋರಿಸುವಾಗ ಇವನು ಮುಂದೆ ನಡೆದನೇ, ಅಧಿಕಾರಿಯ ಕಣ್ಣು ನೋಡಿ ತಿರುಗಿದನೇ?

ಪ್ರಯೋಗಾಲಯವೂ ಕೈಕೊಟ್ಟಿತು. 1984ರ ಸೆಪ್ಟೆಂಬರ್‌ನಲ್ಲಿ ರಾಸ್ತೋವ್‌ನಲ್ಲಿ ಚಿಕಟಿಲೋನನ್ನು ಬೆನ್ನು ಹತ್ತಿ ಹಿಡಿದಾಗ ಅವನ ಬ್ರೀಫ್‌ಕೇಸಿನಲ್ಲಿ ಚಾಕು, ಹಗ್ಗ, ವ್ಯಾಸಲೀನ್ ಇದ್ದವು. ಆದರೆ ಅವನ ರಕ್ತ ಎ ಗುಂಪಿನದು. ಹೆಣಗಳ ಮೇಲೆ ಸಿಕ್ಕ ವೀರ್ಯವನ್ನು ಎಬಿ ಗುಂಪಿನವನದು ಎಂದು ಗುರುತಿಸಿದ್ದರು. ಹೀಗಾಗಿ ಕೊಲೆಯ ಸಂಶಯದಿಂದ ಪಾರಾದ, ಕಳ್ಳತನದ ಕೇಸಿನಲ್ಲಿ ಸುಮಾರು ಮೂರು ತಿಂಗಳು ಒಳಗಿದ್ದು ಹೊರಬಂದ. ಬಯಲಿನಲ್ಲಿ ದಿನಗಟ್ಟಲೆ ಬಿದ್ದ ಹೆಣದ ಮೇಲಿನ ಮಾದರಿಗೆ ಬ್ಯಾಕ್ಟೀರಿಯಾ ಸೇರಿದರೆ, ಅಥವಾ ಸತ್ತವರ ದೇಹದ್ರವ ಬೆರೆತರೆ, ಇಲ್ಲದ ಬಿ ಪ್ರತಿಜನಕ (ಗುಂಪನ್ನು ಗುರುತಿಸುವ ಅಂಶ) ಇದ್ದಂತೆ ತೋರಬಹುದು. ಅಧಿಕಾರಿಗಳು ಮುಂದೆ ರಕ್ತದ ಗುಂಪೇ ಬೇರೆ, ವೀರ್ಯದ ಗುಂಪೇ ಬೇರೆ ಇರುವ ಅಪರೂಪದ ಮನುಷ್ಯ ಇವನು ಎಂದರು. ಹೊರಗಿನ ತಜ್ಞರು ಅದನ್ನು ಒಪ್ಪಲಿಲ್ಲ. ಪರೀಕ್ಷೆಯೇ ತಪ್ಪಿತ್ತು ಎಂಬುದೇ ನನಗೂ ಸರಿ ಅನ್ನಿಸುತ್ತದೆ. ಆ ಒಂದು ಅಕ್ಷರದಿಂದಾಗಿ ಇನ್ನೂ ಆರು ವರ್ಷ ಮಕ್ಕಳು, ಹೆಂಗಸರು ಸತ್ತರು.

ಪತ್ರಿಕೆಗಳಂತೂ ವರ್ಷಗಟ್ಟಲೆ ಸುಮ್ಮನಿದ್ದವು. ಸರಣಿ ಕೊಲೆ ಬಂಡವಾಳಶಾಹಿ ದೇಶಗಳ ರೋಗ ಎಂಬುದು ಅಧಿಕೃತ ನಿಲುವು. ಅಪರಿಚಿತರ ಜೊತೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳಿ ಎಂಬ ಎಚ್ಚರಿಕೆಯೂ ಪತ್ರಿಕೆಗಳಿಂದ ತಂದೆತಾಯಿಗೆ ಸಿಗುವುದು ಕಷ್ಟವಿತ್ತು. ಸಾಕ್ಷಿಗಳು ಮುಂದೆ ಬನ್ನಿ ಎಂಬ ಪತ್ರಿಕಾ ಪ್ರಕಟಣೆಯನ್ನು ಆ ವರ್ಷಗಳ ದೃಶ್ಯಗಳಲ್ಲಿ ಸಲೀಸಾಗಿ ತರಬೇಡಿ.

ಕೊನೆಗೆ ಫಲ ಕೊಟ್ಟದ್ದು ಸರಳ ಉಪಾಯ. 1990ರ ಅಕ್ಟೋಬರ್‌ನಲ್ಲಿ ದೊಡ್ಡ ರೈಲು ನಿಲ್ದಾಣಗಳಲ್ಲಿ ಸಮವಸ್ತ್ರದ ಪೊಲೀಸರನ್ನು ಎದ್ದು ಕಾಣುವಂತೆ ನಿಲ್ಲಿಸಿದರು; ಕಾಡಿನಂಚಿನ ಸಣ್ಣ ನಿಲ್ದಾಣಗಳಲ್ಲಿ ಮಫ್ತಿಯವರನ್ನಿಟ್ಟರು. ಒಟ್ಟು ಸುಮಾರು 360 ಜನ. ನವೆಂಬರ್ 6ರಂದು ದೊನ್ಲೆಸ್ಖೋಜ್ ನಿಲ್ದಾಣದಲ್ಲಿ ಕಾಡಿನಿಂದ ಬಂದು ಕೈ ತೊಳೆಯುತ್ತಿದ್ದ ಒಬ್ಬನ ಕೋಟಿನ ಮೇಲೆ ಹುಲ್ಲು, ಮಣ್ಣು, ಕೆನ್ನೆಯ ಮೇಲೆ ಕೆಂಪು ಕಲೆ ಕಂಡ ಸಾರ್ಜೆಂಟ್ ಗುರುತಿನ ಪತ್ರ ನೋಡಿ, ಹೆಸರು ಬರೆದುಕೊಂಡು ಬಿಟ್ಟ. ಹಿಡಿಯಲು ಕಾರಣವಿರಲಿಲ್ಲ. ಒಂದು ವಾರದ ಮೇಲೆ ಅಲ್ಲೇ ಹೆಣ ಸಿಕ್ಕಿತು, ವರದಿಯ ಹೆಸರು 1984ರ ಶಂಕಿತ ಚಿಕಟಿಲೋನ ಹೆಸರಿಗೆ ತಾಳೆಯಾಯಿತು. ನವೆಂಬರ್ 20ರಂದು ಬಂಧನ.

ಆರೋಪ ಹೊರಿಸಲು 10 ದಿನದ ಗಡುವು. ಕಸ್ತೋಯೆವ್ ಎಷ್ಟು ಒತ್ತಿದರೂ ಅವನು ಬಾಯಿಬಿಡಲಿಲ್ಲ. ಕಡೆಗೆ ಮನೋವೈದ್ಯ ಅಲೆಕ್ಸಾಂದ್ರ್ ಬುಖಾನೋವ್ಸ್ಕಿಯನ್ನು ಕರೆಸಿದರು. ಬುರಾಕೋವ್ ಕೋರಿಕೆಯಂತೆ ಹಿಂದೆ ತಾವೇ ಬರೆದಿದ್ದ, ಕೊಲೆಗಾರ ಎಂಥವನಿರಬಹುದು ಎಂಬ 65 ಪುಟಗಳ ಮನೋಚಿತ್ರದ ಭಾಗಗಳನ್ನು ಅವರು ಅವನಿಗೆ ಓದಿ ಹೇಳಿದಾಗ ಒಪ್ಪಿಕೊಂಡ. ಈ ತಪ್ಪೊಪ್ಪಿಗೆ ಹಿಂದಿನವುಗಳಂತಲ್ಲ: ಪೊಲೀಸರ ಲೆಕ್ಕದಲ್ಲಿ 36 ಕೊಲೆಗಳಷ್ಟೇ ಇದ್ದವು, ಅವನು 50ಕ್ಕೂ ಹೆಚ್ಚು ಹೇಳಿದ, ಯಾರಿಗೂ ಗೊತ್ತಿಲ್ಲದ ಹೆಣಗಳ ಜಾಗ ತೋರಿಸಿದ. ನಿಮ್ಮ ವಿಚಾರಣೆಯ ದೃಶ್ಯವನ್ನು ಇಲ್ಲಿ ನಿಲ್ಲಿಸಿದರೆ ಮೇಲೆ ಹೇಳಿದ ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆ.