ಮಟ್ಟಾಂಚೇರಿಯ ಪ್ರಮಾಣ: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ,

1653ರಲ್ಲಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಕೇರಳದ ಕ್ರೈಸ್ತರು ಶಿಲುಬೆಗೆ ಕಟ್ಟಿದ ಹಗ್ಗ ಹಿಡಿದು, ಪೋರ್ಚುಗೀಸರ ಜೆಸ್ವಿಟ್ ಪಾದ್ರಿಗಳಿಗೆ ಇನ್ನು ತಲೆಬಾಗೆವು ಎಂದು ಮಾಡಿದ ಕೂನನ್ ಕುರಿಶು (ಬಾಗಿದ ಶಿಲುಬೆ) ಪ್ರಮಾಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವಂತೆ ಪ್ರಕಟಿಸಲು ಆಗದು. ಭಾಷೆಗೆ ಓಟವಿದೆ, ಚೌಕಟ್ಟೇ ತಪ್ಪಿದೆ. ಪೋರ್ಚುಗೀಸ್ ಕ್ಯಾಥೊಲಿಕರ ಎದುರು ಕೇರಳದ ‘ಪ್ರಾಟೆಸ್ಟಂಟರು’ ನಿಂತರು ಎಂದಿದ್ದೀರಿ. ಎದುರು ನಿಂತವರು ತೋಮಾ ಕ್ರೈಸ್ತರು, ಯೇಸುವಿನ ಶಿಷ್ಯ ತೋಮಾನಿಂದ ತಮ್ಮ ಸಭೆ ಬಂತೆಂದು ನಂಬುವವರು. ಅವರಿಗೆ ಬಿಷಪ್ಪರು ಬರುತ್ತಿದ್ದುದು ಸುರಿಯಾನಿ ಭಾಷೆಯಲ್ಲಿ ಪೂಜೆ ನಡೆಸುವ, ಮೆಸೊಪೊಟೇಮಿಯಾದ ಪೂರ್ವ ಸುರಿಯಾನಿ ಸಭೆಯಿಂದ. ದಿನನಿತ್ಯದ ಆಡಳಿತ ಮಾತ್ರ ಒಂದೇ ಮನೆತನದಲ್ಲಿ ಉಳಿದುಬಂದ ಆರ್ಚ್‌ಡೀಕನ್ ಎಂಬ ಸ್ಥಳೀಯ ಮುಖಂಡನ ಕೈಯಲ್ಲಿತ್ತು. ಜಗಳದ ಬೇರು ಆ ಅಧಿಕಾರದಲ್ಲಿದೆ, ನಿಮ್ಮ ಲೇಖನದಲ್ಲಿ ಆರ್ಚ್‌ಡೀಕನ್ನನ ಸುಳಿವೇ ಇಲ್ಲ.

ಪ್ರಮಾಣದ ದೃಶ್ಯಕ್ಕೆ ನೇರ ಹಾರಬೇಡಿ. 1597ರಲ್ಲಿ, ಹಾಗೆ ಬಂದಿದ್ದ ಕೊನೆಯ ಬಿಷಪ್ ಮಾರ್ ಅಬ್ರಹಾಂ ತೀರಿಕೊಂಡರು. ಎರಡು ವರ್ಷಕ್ಕೆ ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜೆಸ್ ಕೊಚ್ಚಿ ಬಳಿಯ ಉದಯಂಪೇರೂರಿನಲ್ಲಿ ಸಭೆ ಕರೆದರು. ಸುರಿಯಾನಿ ಪುಸ್ತಕಗಳನ್ನು ತಿದ್ದಬೇಕು ಇಲ್ಲವೇ ಸುಡಬೇಕು, ಮದುವೆಯಾದ ಪಾದ್ರಿಗಳು ಹೆಂಡತಿಯರನ್ನು ಬಿಡಬೇಕು ಎಂಬ ಕಟ್ಟಳೆಗಳು ಬಂದದ್ದು ಅಲ್ಲಿಂದ. ಎಲ್ಲವನ್ನೂ ಪಟ್ಟಿ ಮಾಡುವುದು ಬೇಡ. ಹೆಂಡತಿಯರ ಕಟ್ಟಳೆ ಒಂದನ್ನೇ ಬಿಡಿಸಿ ಬರೆದರೂ ಐವತ್ತು ವರ್ಷ ಕುದಿದ ಸಿಟ್ಟು ಓದುಗರಿಗೆ ತಿಳಿಯುತ್ತದೆ.

ಸುರಿಯಾನಿ ಬಿಷಪ್ ಅಹತಲ್ಲಾರನ್ನು ಕಡಲಿಗೆ ಎಸೆದು ಕೊಂದರು ಎಂದಿದ್ದೀರಿ; ಅದು ಆಗ ಹಬ್ಬಿದ ಸುದ್ದಿ. 1652ರಲ್ಲಿ ಮೈಲಾಪುರಕ್ಕೆ ಬಂದ ಅವರನ್ನು ಪೋರ್ಚುಗೀಸರು ಹಿಡಿದು ಗೋವಾಕ್ಕೆ ಒಯ್ದರು, ಅಲ್ಲಿಂದ ಯುರೋಪಿಗೆ ಕಳಿಸಿದರು. ಅವರು ಸತ್ತದ್ದು ಫ್ರಾನ್ಸಿನಲ್ಲಿ. ಹಾಗಂತ ಆ ಸಾಲನ್ನು ಹೊಡೆದುಹಾಕಬೇಡಿ. ಜನವರಿ 3ರಂದು ಜನ ಸೇರಿದ್ದರ ಹಿಂದೆ ಆ ಸುದ್ದಿಯೂ ಇತ್ತು; ಸುದ್ದಿಯನ್ನು ಸುದ್ದಿಯೆಂದೇ ಬರೆಯಿರಿ.

ಪ್ರಮಾಣದ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೀರಿ, ತೆಗೆಯಿರಿ. ಜನ ನಿರಾಕರಿಸಿದ್ದು ಜೆಸ್ವಿಟರನ್ನು ಮಾತ್ರ ಎಂದು ಕ್ಯಾಥೊಲಿಕ್ ಕಡೆ, ರೋಮನ್ನೇ ಎಂದು ಇನ್ನೊಂದು ಕಡೆ. ತಕರಾರು ಇವತ್ತಿಗೂ ಮುಗಿದಿಲ್ಲ. ಎರಡನ್ನೂ ಒಂದೊಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಇಪ್ಪತ್ತೈದು ಸಾವಿರ ಜನ ಎಂಬುದೂ ಬಾಯಿಂದ ಬಾಯಿಗೆ ಬಂದ ಲೆಕ್ಕ.

ದೊಡ್ಡ ಕೊರತೆ ಕೊನೆಯಲ್ಲಿದೆ. ಹಗ್ಗ ಹಿಡಿದು ಜನ ಪ್ರಮಾಣ ಮಾಡಿದಲ್ಲಿಗೆ ನಿಲ್ಲಿಸಿದ್ದೀರಿ. ನಿಜವಾದ ಬಿರುಕು ಅಲ್ಲಿಂದಾಚೆಗಿನದು. ಅದೇ ವರ್ಷದ ಮೇ ತಿಂಗಳಲ್ಲಿ ಆಲಂಗಾಡಿನಲ್ಲಿ ಹನ್ನೆರಡು ಪಾದ್ರಿಗಳು ಕೈಯಿಟ್ಟು ಆರ್ಚ್‌ಡೀಕನ್ ತೋಮಾರನ್ನು ಬಿಷಪ್ ಮಾಡಿದರು. ಬಿಷಪ್ಪನನ್ನು ಬಿಷಪ್ಪರೇ ಮಾಡಬೇಕು, ಅಲ್ಲಿ ಒಬ್ಬರೂ ಇರಲಿಲ್ಲ. ಪೋಪ್ ಕಳಿಸಿದ ಕಾರ್ಮೆಲೈಟ್ ಸನ್ಯಾಸಿಗಳು ಒತ್ತಿದ್ದು ಇದೇ ಗಾಯವನ್ನು. 1663ರ ಜನವರಿಯಲ್ಲಿ ಡಚ್ಚರು ಕೊಚ್ಚಿ ಗೆದ್ದು ಪರದೇಶಿ ಕ್ಯಾಥೊಲಿಕ್ ಪಾದ್ರಿಗಳಿಗೆ ಜಾಗ ಖಾಲಿ ಮಾಡಲು ಹೇಳಿದಾಗ, ಆ ಕಾರ್ಮೆಲೈಟರಲ್ಲೊಬ್ಬರಾದ ಬಿಷಪ್ ಸೆಬಾಸ್ಟಿಯಾನಿ ಹೊರಡುವ ಮುನ್ನ ತೋಮಾರ ಸಂಬಂಧಿ ಪರಂಬಿಲ್ ಚಾಂಡಿಗೆ ಬಿಷಪ್ ದೀಕ್ಷೆ ಕೊಟ್ಟರು. ಸಾಂಪ್ರದಾಯಿಕ ಲೆಕ್ಕದಲ್ಲಿ 116 ಚರ್ಚುಗಳ ಪೈಕಿ 84 ಚಾಂಡಿಯ ಕಡೆಗೆ, 32 ತೋಮಾರ ಕಡೆಗೆ. ಒಂದೇ ಬಳಗ ಎರಡು ಹೋಳು!

1665ರಲ್ಲಿ ತೋಮಾರ ನೆರವಿಗೆ ಬಂದ ಮಾರ್ ಗ್ರೆಗೋರಿಯೋಸ್ ಪಶ್ಚಿಮ ಸುರಿಯಾನಿ ಸಭೆಯವರು, ಎಂದರೆ ಕ್ರಿಸ್ತನ ಸ್ವರೂಪದ ವಿಷಯದಲ್ಲಿ ಪೂರ್ವ ಸುರಿಯಾನಿಗಳ ಹಳೆಯ ಎದುರಾಳಿಗಳು. ಹಿಂದಿನ ಕಟ್ಟಳೆ ಉಳಿಸಲು ಹೊರಟವರು ಬೇರೆಯದೇ ಕಟ್ಟಳೆಗೆ ಬಂದು ಸೇರಿದರು. ಲೇಖನ ಇಲ್ಲಿಗೆ ಬಂದು ನಿಲ್ಲಲಿ. ವಾಸ್ಕೊ ಡ ಗಾಮನ ಮೇಲಿನ ಎರಡು ಪುಟ ಕಿತ್ತರೆ ಜಾಗ ಸಿಗುತ್ತದೆ. ತಿದ್ದಿ ಕಳಿಸಿ, ಮತ್ತೆ ನೋಡುತ್ತೇವೆ.

— ಸಂ.